ಪೈಪ್ ಬದಲಾಯಿಸುವವರು ಯಾರು?

ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಅಪಘಾತವಾದರೆ ಸತ್ತವರ ಲೆಕ್ಕ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಗಾಯಾಳುಗಳಿಗೆ ಸಿಗುವುದು ಒಂದೇ ಸಾಲು: 'ಗಾಯಗೊಂಡವರನ್ನು ಆಸ್ಪತ್ರೆಗೆ ದಾಖಲಿಸಲಾಗಿದೆ.' ಅಲ್ಲಿಗೆ ಸುದ್ದಿ ಮುಗಿಯಿತು. ಆದರೆ ಆ ಗಾಯಾಳುಗಳಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದವನೊಬ್ಬ ಇದ್ದರೆ ಅವನ ಕಥೆ ಶುರುವಾಗುವುದೇ ಅಲ್ಲಿಂದ. ಆಪರೇಷನ್ ಆಗುತ್ತದೆ, ರಾಡು-ಸ್ಕ್ರೂ ಹಾಕುತ್ತಾರೆ, ಕೆಲವು ವಾರಗಳ ಬಳಿಕ ಡಿಸ್ಚಾರ್ಜ್. ಸೊಂಟದ ಕೆಳಗೆ ಸ್ವಾಧೀನವಿಲ್ಲದ ಆ ಮನುಷ್ಯ ಮನೆಗೆ ಬರುವಾಗ ಅವನ ಜೊತೆ ಒಂದು ರಬ್ಬರ್ ಪೈಪ್, ಒಂದು ಪ್ಲಾಸ್ಟಿಕ್ ಚೀಲ ಬಂದಿರುತ್ತದೆ. ಇನ್ನು ಮುಂದೆ ಅವನ ಆಯುಸ್ಸು ಬಹುಮಟ್ಟಿಗೆ ಆ ಪೈಪಿನ ಮೇಲೆ ನಿಂತಿದೆ ಎಂದು ಮನೆಯವರಿಗೆ ಯಾರೂ ಕೂರಿಸಿಕೊಂಡು ಹೇಳಿರುವುದಿಲ್ಲ.

2023ರ ಮಾರ್ಚ್ 12ರಂದು ಮದ್ದೂರು ತಾಲೂಕಿನ ಗೆಜ್ಜಲಗೆರೆಯಲ್ಲಿ ಪ್ರಧಾನಿ ಎಕ್ಸ್‌ಪ್ರೆಸ್ ವೇ ಉದ್ಘಾಟಿಸಿದರು. ಸಾವುಗಳು ಹೆಚ್ಚಿ ಗದ್ದಲವಾದ ಮೇಲೆ ಅದೇ ವರ್ಷ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರುಗಳನ್ನು ಮುಖ್ಯ ರಸ್ತೆಯಿಂದ ಹೊರಗಿಟ್ಟರು. ಆದರೂ ಈ ಜಿಲ್ಲೆಯಲ್ಲಿ ಬೆನ್ನು ಮುರಿಯುವುದು ಹೆದ್ದಾರಿಯಲ್ಲಿ ಮಾತ್ರವಲ್ಲ. ಮದ್ದೂರಿನ ಎಳನೀರು ಮಾರುಕಟ್ಟೆಗೆ ದಿನಾ ಲಾರಿಗಟ್ಟಲೆ ಎಳನೀರು ಬಂದು ಬೀಳುತ್ತದೆ. ಅಷ್ಟನ್ನೂ ಯಾರೋ ಮರ ಹತ್ತಿ ಇಳಿಸಿರುತ್ತಾರೆ. ಕಾಲು ಜಾರಿದರೆ ಕೆಳಗೆ ಹುಲ್ಲಿನ ಹಾಸಿಗೆ ಇರುವುದಿಲ್ಲ. ಕಬ್ಬಿನ ಟ್ರ್ಯಾಕ್ಟರ್ ಮಗುಚಿದವರು, ಮಹಡಿ ಕೆಲಸದ ಸಾರುವೆಯಿಂದ ಬಿದ್ದವರು ಬೇರೆ.

ಕರಾವಳಿಯವರ ಪುಟದಲ್ಲಿ ಮಂಡ್ಯದ ಮಾತೇಕೆ ಎಂದು ಕೇಳಬಹುದು. ಮದ್ದೂರು ಕಡೆ ಮದ್ರಸದಲ್ಲಿ ಕಲಿಸುತ್ತಿರುವ ನಮಗೆ ಮಂಡ್ಯ, ಮಳವಳ್ಳಿ ಕಡೆಯ ಮನೆಗಳಿಗೆ ರೋಗಿ ನೋಡಲು ಹೋಗುವುದು ರೂಢಿ. ನಾವು ಕಣ್ಣಾರೆ ಕಂಡದ್ದು ಇಲ್ಲಿನದು. ಊರಿಗೆ ಬಂದಾಗ ನೋಡಿದರೆ ನಮ್ಮವರ ಮನೆಗಳಲ್ಲೂ ಅದೇ ಇದೆ. ಅಡಕೆ ಮರದಿಂದ ಬಿದ್ದವರು, ಬೈಕಿನಿಂದ ಬಿದ್ದ ಹುಡುಗರು, ಗಲ್ಫ್‌ನಲ್ಲಿ ಕಟ್ಟಡ ಕೆಲಸಕ್ಕೆ ಹೋಗಿ ಸ್ಟ್ರೆಚರ್‌ನಲ್ಲಿ ವಾಪಸು ಬಂದವರು. ಹೆಚ್ಚಿನವರು ಒಳಕೋಣೆಯಲ್ಲಿರುತ್ತಾರೆ. ಬಂದವರು ಸಲಾಂ ಹೇಳಿ, ಹಣ್ಣಿನ ಚೀಲ ಕೊಟ್ಟು, ದುಆ ಮಾಡಿ ಹೊರಡುತ್ತಾರೆ. ಮಂಚದ ಕೆಳಗೆ ನೇತಾಡುವ ಆ ಇನ್ನೊಂದು ಚೀಲದ ಕಡೆ ನೋಡದಿರುವುದೇ ಮರ್ಯಾದೆ ಎಂದು ನಾವೆಲ್ಲ ತಿಳಿದಿದ್ದೇವೆ.

ಮಳವಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ತೆಂಗಿನ ಮರದಿಂದ ಬಿದ್ದ ಒಬ್ಬರನ್ನು ನೋಡಲು ಹೋಗಿದ್ದೆವು. ಚೀಲದಲ್ಲಿದ್ದ ಮೂತ್ರ ಕಡು ಕಂದು ಬಣ್ಣ, ತಳದಲ್ಲಿ ಸುಣ್ಣದಂಥ ಗಷ್ಟು. ನೀರು ಸರಿಯಾಗಿ ಕುಡಿಯುತ್ತೀರಾ ಎಂದು ಕೇಳಿದೆವು. ಅವರು ನಕ್ಕರು. 'ನೀರು ಕುಡುದ್ರೆ ಚೀಲ ತುಂಬ್ತದೆ ಸಾಬ್ರೇ. ತುಂಬುದ್ರೆ ಖಾಲಿ ಮಾಡಕ್ಕೆ ಅವ್ಳೇ ಗದ್ದೆಯಿಂದ ಬರ್ಬೇಕು. ಅದ್ಕೇ ಮಧ್ಯಾನದವರ್ಗೂ ಕುಡಿಯಾದೇ ಬುಟ್ಬುಟ್ಟಿವ್ನಿ.' ಹೆಂಡತಿ ಕೂಲಿ ಬಿಟ್ಟು ಬರಬಾರದು ಎಂದು ಗಂಡ ಬಾಯಾರಿಕೆ ತಡೆದುಕೊಂಡಿದ್ದಾನೆ. ವೈದ್ಯರು 'ದಿನಕ್ಕೆ ಎರಡು-ಮೂರು ಲೀಟರ್ ನೀರು ಕುಡಿಯಿರಿ' ಎಂದು ಚೀಟಿಯಲ್ಲಿ ಬರೆದದ್ದು ಗೋಡೆಯ ಮೊಳೆಗೆ ನೇತಾಡುತ್ತಿತ್ತು.

ಈ ತೊಂದರೆಯ ಮೂಲ ಏನು ಎಂದು ಸ್ವಲ್ಪ ಬಿಡಿಸಿ ಹೇಳಬೇಕು. ಬೆನ್ನುಹುರಿ ಎಂದರೆ ಮೆದುಳಿನಿಂದ ಬೆನ್ನುಮೂಳೆಯೊಳಗೆ ಇಳಿದುಬರುವ ನರಗಳ ಹಗ್ಗ. ಅದಕ್ಕೆ ಪೆಟ್ಟು ಬಿದ್ದರೆ ಕಾಲಿನ ಬಲ ಮಾತ್ರ ಹೋಗುವುದಲ್ಲ. ಮೂತ್ರಕೋಶ ತುಂಬಿದೆ ಎಂಬ ಸುದ್ದಿ ಮೆದುಳಿಗೆ ಹೋಗುವುದಿಲ್ಲ, ಬಿಡು ಎಂಬ ಆಜ್ಞೆ ಕೆಳಗೆ ಬರುವುದಿಲ್ಲ. ಕೆಲವರಲ್ಲಿ ಮೂತ್ರಕೋಶ ಸಡಿಲ ಚೀಲದಂತೆ ತುಂಬಿಕೊಳ್ಳುತ್ತಲೇ ಇರುತ್ತದೆ. ಇನ್ನು ಕೆಲವರಲ್ಲಿ ತಾನಾಗಿಯೇ ಹಿಂಡಿಕೊಳ್ಳುತ್ತದೆ, ಆದರೆ ಬಾಗಿಲು ತೆರೆಯುವುದಿಲ್ಲ. ಆಗ ಒತ್ತಡಕ್ಕೆ ಮೂತ್ರ ಮೇಲಕ್ಕೆ, ಕಿಡ್ನಿಯ ಕಡೆಗೆ ನುಗ್ಗುತ್ತದೆ. ಕಾಲು ಹೋದದ್ದು ಕಣ್ಣಿಗೆ ಕಾಣುತ್ತದೆ, ಕಿಡ್ನಿ ಹೋಗುತ್ತಿರುವುದು ಕಾಣುವುದಿಲ್ಲ.

ಮೊದಲ ಮಹಾಯುದ್ಧದಲ್ಲಿ ಬೆನ್ನುಹುರಿಗೆ ಗಾಯವಾದ ಸೈನಿಕರಲ್ಲಿ ಹೆಚ್ಚಿನವರು ಬದುಕಲಿಲ್ಲ. ಅವರನ್ನು ಕೊಂದದ್ದು ಗುಂಡಲ್ಲ, ಆಮೇಲೆ ಬಂದ ಮೂತ್ರದ ಸೋಂಕು ಮತ್ತು ಒತ್ತುಹುಣ್ಣು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಎಂಬ ವೈದ್ಯರು ಇದನ್ನು ಬದಲಾಯಿಸಿದರು. ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬಂದಿದ್ದ ಯಹೂದಿ ಅವರು. ಹೊಸ ಔಷಧಿಯನ್ನೇನೂ ಅವರು ಕಂಡುಹಿಡಿಯಲಿಲ್ಲ. ಹೊತ್ತುಹೊತ್ತಿಗೆ ಮಗ್ಗುಲು ಬದಲಿಸುವುದು, ಮೂತ್ರಕೋಶವನ್ನು ಶುಚಿಯಾಗಿ ಖಾಲಿ ಮಾಡಿಸುವುದು, ರೋಗಿಯನ್ನು ಎಬ್ಬಿಸಿ ಕೂರಿಸಿ ಕೆಲಸಕ್ಕೆ ಹಚ್ಚುವುದು, ಇಷ್ಟನ್ನು ಬಿಡದೆ ಮಾಡಿಸಿದರು. 1972ರಲ್ಲಿ ಅಮೆರಿಕದ ಮಿಶಿಗನ್‌ನ ಜಾಕ್ ಲ್ಯಾಪಿಡೆಸ್ ಇನ್ನೊಂದು ಹೆಜ್ಜೆ ಇಟ್ಟರು. ಪೈಪ್ ಸದಾ ಒಳಗಿರಬೇಕಾಗಿಲ್ಲ, ನಾಲ್ಕಾರು ಗಂಟೆಗೊಮ್ಮೆ ರೋಗಿಯೇ ತೆಳ್ಳನೆಯ ಪೈಪ್ ಹಾಕಿ ಖಾಲಿ ಮಾಡಿ ತೆಗೆಯಬಹುದು, ಆಪರೇಷನ್ ಥಿಯೇಟರಿನ ಶುದ್ಧಿ ಬೇಕಿಲ್ಲ, ಸಾಬೂನಿನಿಂದ ಕೈ ತೊಳೆದ ಶುಚಿತ್ವ ಸಾಕು ಎಂದು ತೋರಿಸಿಕೊಟ್ಟರು. (ಮೂತ್ರದ ನಳಿಕೆ ನಮಗೆ ಹೊಸದೇನಲ್ಲ. ಸಾವಿರ ವರ್ಷದ ಹಿಂದೆ ಕೊರ್ಡೋಬಾದ ಅಲ್-ಝಹ್ರಾವಿ ಬೆಳ್ಳಿಯ ನಳಿಕೆಯ ಬಗ್ಗೆ ಬರೆದರು, ಇಬ್ನು ಸೀನಾ ಮೆತ್ತನೆಯ ನಳಿಕೆಯೇ ಒಳ್ಳೆಯದೆಂದರು.)

ಈಗ ನಮ್ಮ ಮನೆಗಳಲ್ಲಿ ನಡೆಯುತ್ತಿರುವುದು ಏನು? ಆಸ್ಪತ್ರೆಯಲ್ಲಿ ಹಾಕಿ ಕಳಿಸುವುದು ಹೆಚ್ಚಾಗಿ ಫೋಲಿ ಕ್ಯಾತಿಟರ್. ಅದರ ತುದಿಯಲ್ಲಿ ಪುಟ್ಟ ಬಲೂನ್ ಇರುತ್ತದೆ. ಒಳಗೆ ಹೋದ ಮೇಲೆ ಆ ಬಲೂನಿಗೆ ನೀರು ತುಂಬಿದರೆ ಪೈಪ್ ಜಾರದೆ ನಿಲ್ಲುತ್ತದೆ. ಮಾಮೂಲಿ ರಬ್ಬರಿನದಾದರೆ ಮೂರು-ನಾಲ್ಕು ವಾರಕ್ಕೊಮ್ಮೆ ಬದಲಾಯಿಸಬೇಕು, ಸಿಲಿಕಾನಿನದಾದರೆ ಮೂರು ತಿಂಗಳವರೆಗೆ ಇಡಬಹುದು. ರಬ್ಬರಿನ ಪೈಪಿಗೆ ಒಂದು ಪ್ಲೇಟ್ ಬಿರಿಯಾನಿಯ ದುಡ್ಡೂ ಆಗುವುದಿಲ್ಲ. ಕಷ್ಟ ಇರುವುದು ಬೆಲೆಯಲ್ಲಲ್ಲ, ಹಾಕುವ ಕೈಯಲ್ಲಿ. ಮಳವಳ್ಳಿಯ ಹಳ್ಳಿಯಿಂದ ಮಂಡ್ಯಕ್ಕೆ ಸುಮಾರು 30 ಕಿಲೋಮೀಟರ್. ಶಕ್ತಿ ಯೋಜನೆ ಬಂದ ಮೇಲೆ ಹೆಂಡತಿಗೆ ಬಸ್ ಚಾರ್ಜ್ ಇಲ್ಲ, ನಿಜ. ಆದರೆ ಪೈಪ್ ಇರುವುದು ಗಂಡನಿಗೆ, ಅವನು ಆ ಬಸ್ಸಿನ ಮೆಟ್ಟಿಲು ಹತ್ತಲಾರ. ಕಾರು ಬಾಡಿಗೆ ಮಾಡಿದರೆ ಪೈಪಿನ ಬೆಲೆಯ ಹತ್ತು ಪಟ್ಟು ಹೋಗುತ್ತದೆ. ಹಾಗಾಗಿ 'ಇನ್ನೂ ಓಡ್ತಾ ಇದೆಯಲ್ಲ' ಎಂದು ಒಂದು ತಿಂಗಳ ಪೈಪ್ ಮೂರು ತಿಂಗಳು ಒಳಗಿರುತ್ತದೆ. ಅಷ್ಟರಲ್ಲಿ ಅದರ ತುದಿಗೆ ಉಪ್ಪು ಕಟ್ಟಿ ಗಟ್ಟಿಯಾಗಿರುತ್ತದೆ, ಮೂತ್ರಕೋಶದಲ್ಲಿ ಕಲ್ಲು ಬೆಳೆದಿರುತ್ತದೆ. ಕೊನೆಗೆ ಯಾರೋ ಅರೆಬರೆ ಕಲಿತವರು ಬಂದು ಬಲೂನಿನ ನೀರು ಪೂರ್ತಿ ತೆಗೆಯದೆ ಎಳೆಯುತ್ತಾರೆ. ರಕ್ತ ಬರುತ್ತದೆ. ರೋಗಿಗೆ ಸ್ಪರ್ಶವಿಲ್ಲದ್ದರಿಂದ ಕೂಗುವುದೂ ಇಲ್ಲ.

ನಮ್ಮ ಪರಿಚಯದ ಒಂದು ಕುಟುಂಬಕ್ಕೆ ಆದದ್ದು ಹೇಳುತ್ತೇವೆ. ಹುಡುಗನಿಗೆ ಕತ್ತಿನ ಹತ್ತಿರ ಪೆಟ್ಟಾಗಿತ್ತು. ಒಂದು ರಾತ್ರಿ ಸಹಿಸಲಾಗದ ತಲೆನೋವು, ಮುಖ ಕೆಂಪಾಗಿ ಹಣೆಯಿಂದ ಬೆವರು ಇಳಿಯುತ್ತಿತ್ತು. ಹತ್ತಿರದ ಕ್ಲಿನಿಕ್ಕಿನಲ್ಲಿ ತಲೆನೋವಿನ ಇಂಜೆಕ್ಷನ್ ಕೊಟ್ಟು ಮಲಗಿಸಿದರು. ನೋವು ಇನ್ನೂ ಏರಿತು. ಬೆಳಗಿನ ಜಾವ ಚೀಲ ಖಾಲಿ ಇರುವುದನ್ನು ಗಮನಿಸಿದ್ದು ಅವನ ಉಮ್ಮ. ಪೈಪ್ ತೊಡೆಯ ಕೆಳಗೆ ಮಡಚಿಕೊಂಡಿತ್ತು. ಬಿಡಿಸಿದ್ದೇ ತಡ ಚೀಲ ತುಂಬಿತು, ತಲೆನೋವು ಇಳಿಯಿತು. ಎದೆಯ ಮಟ್ಟ ಅಥವಾ ಅದಕ್ಕಿಂತ ಮೇಲೆ ಬೆನ್ನುಹುರಿಗೆ ಪೆಟ್ಟಾದವರಲ್ಲಿ ಇದು ಆಗುತ್ತದೆ. ಮೂತ್ರ ಕಟ್ಟಿದರೆ ಬಿ.ಪಿ. ಒಮ್ಮೆಲೇ ಏರುತ್ತದೆ, ಮೆದುಳಿನಲ್ಲಿ ರಕ್ತಸ್ರಾವವಾಗಿ ಪ್ರಾಣವೇ ಹೋಗಬಹುದು. ಅಂಥ ಹೊತ್ತಿನಲ್ಲಿ ಮಲಗಿಸಬಾರದು, ತಲೆ ಎತ್ತಿ ಕೂರಿಸಬೇಕು, ಬಿಗಿಯಾದ ಬಟ್ಟೆ ಸಡಿಲಿಸಬೇಕು, ಪೈಪ್ ಮಡಚಿದೆಯೇ, ಚೀಲ ತುಂಬಿದೆಯೇ ಎಂದು ಮೊದಲು ನೋಡಬೇಕು. ಸರಿಹೋಗದಿದ್ದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಹೋದಲ್ಲಿ 'ಬೆನ್ನುಹುರಿಯ ರೋಗಿ, ಮೂತ್ರ ಕಟ್ಟಿದೆ' ಎಂದು ಮನೆಯವರೇ ಬಾಯಿಬಿಟ್ಟು ಹೇಳಬೇಕು. ಈ ನಾಲ್ಕು ಮಾತು ಡಿಸ್ಚಾರ್ಜ್ ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಡಲು ಯಾವ ಬಜೆಟ್ ಬೇಕು?

ಇನ್ನೊಂದು ತಪ್ಪು ನಮ್ಮದೇ. ಮೂತ್ರ ಸ್ವಲ್ಪ ಕದಡಿದರೆ, ವಾಸನೆ ಬಂದರೆ ಮೆಡಿಕಲ್ ಶಾಪಿಗೆ ಓಡಿ ಆಂಟಿಬಯೋಟಿಕ್ ತರುತ್ತೇವೆ. ಬಹಳ ಕಾಲ ಪೈಪ್ ಇಟ್ಟುಕೊಂಡವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇದ್ದೇ ಇರುತ್ತದೆ, ಪರೀಕ್ಷೆ ಮಾಡಿಸಿದರೆ ರಿಪೋರ್ಟಿನಲ್ಲಿ ಬಂದೇ ಬರುತ್ತದೆ. ಜ್ವರ, ನಡುಕ, ಕಾಲಿನ ಸೆಳೆತ ಹೆಚ್ಚಾಗುವುದು, ರಕ್ತ ಕಾಣುವುದು ಇಂಥ ಲಕ್ಷಣ ಇದ್ದರೆ ಮಾತ್ರ ವೈದ್ಯರು ಔಷಧಿ ಕೊಡುತ್ತಾರೆ, ಆಗ ಹಳೆಯ ಪೈಪನ್ನೂ ಬದಲಾಯಿಸಬೇಕು. ಸುಮ್ಮಸುಮ್ಮನೆ ನುಂಗಿದ ಮಾತ್ರೆ ನಿಜವಾದ ಜ್ವರ ಬಂದ ದಿನ ಕೆಲಸಕ್ಕೆ ಬಾರದೆ ಹೋಗುತ್ತದೆ.

ಇದಕ್ಕೆಲ್ಲ ಬಹುಪಾಲು ಉತ್ತರ ಲ್ಯಾಪಿಡೆಸ್ ತೋರಿಸಿದ ದಾರಿಯಲ್ಲಿದೆ. ಕೈ ಆಡುವವರು, ಕೂರಬಲ್ಲವರು ದಿನಕ್ಕೆ ನಾಲ್ಕರಿಂದ ಆರು ಸಲ ತಾವೇ ಪೈಪ್ ಹಾಕಿ ಮೂತ್ರ ತೆಗೆದುಕೊಳ್ಳಬಹುದು. ಸೋಂಕು ಕಡಿಮೆ, ಕಿಡ್ನಿಗೆ ಒಳ್ಳೆಯದು, ಚೀಲ ಹೊತ್ತು ತಿರುಗುವ ಮುಜುಗರ ಇಲ್ಲ. ಶ್ರೀಮಂತ ದೇಶಗಳಲ್ಲಿ ಒಂದು ಪೈಪ್ ಒಂದೇ ಸಲಕ್ಕೆ. ನಮ್ಮಲ್ಲಿ ತೊಳೆದು ಒಣಗಿಸಿ ಮತ್ತೆ ಬಳಸುತ್ತಾರೆ. ಎಷ್ಟು ದಿನ, ಹೇಗೆ ಎಂಬುದನ್ನು ಕಲಿಸುವವರಿಂದಲೇ ಕಲಿಯಬೇಕು. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗವಿದೆ. ಎನ್.ಎಸ್. ಹೇಮಾ ಅವರು 1959ರಲ್ಲಿ ಕಟ್ಟಿದ ಎ.ಪಿ.ಡಿ. ಸಂಸ್ಥೆಯಲ್ಲಿ ಬೆನ್ನುಹುರಿ ಪೆಟ್ಟಾದವರಿಗೇ ಪುನರ್ವಸತಿ ಕೆಲಸ ನಡೆಯುತ್ತದೆ. ಹೇಮಾ ಅವರೂ ವಿಕಲಚೇತನರೇ. ವೆಲ್ಲೂರಿನಲ್ಲಿ ಡಾ. ಮೇರಿ ವರ್ಗೀಸ್ ಹೆಸರಿನ ಸಂಸ್ಥೆಯಿದೆ. 1954ರ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಮೇಲೂ ಗಾಲಿಕುರ್ಚಿಯಲ್ಲಿ ಕೂತೇ ಆಪರೇಷನ್ ಮಾಡಿದ ವೈದ್ಯೆ ಅವರು. ಇಂಥ ಕಡೆ ಕೆಲವು ವಾರ ಇದ್ದು ಬಂದವರಿಗೂ ಬಾರದವರಿಗೂ ಇರುವ ವ್ಯತ್ಯಾಸ ಬಾಗಿಲಲ್ಲೇ ಗೊತ್ತಾಗುತ್ತದೆ. ಹೋಗಿ ಬಂದವನು ಗಾಲಿಕುರ್ಚಿಯಲ್ಲಿ ಜಗಲಿಯ ಮೇಲಿರುತ್ತಾನೆ.

ಹೆಂಗಸರ ಕಷ್ಟ ಇನ್ನೂ ಹೆಚ್ಚು. ಪೈಪ್ ಹಾಕಿಕೊಳ್ಳಲು ಕನ್ನಡಿ ಬೇಕು, ಬಾಗಿಲಿರುವ ಕೋಣೆ ಬೇಕು, ಕಲಿಸಲು ಹೆಣ್ಣು ನರ್ಸ್ ಬೇಕು. ಈ ಮೂರೂ ಇಲ್ಲದ ಮನೆಗಳಲ್ಲಿ ಬಟ್ಟೆ ಸುತ್ತಿ ಕೂರಿಸುತ್ತಾರೆ. ಆ ಒದ್ದೆಯಿಂದಲೇ ಒತ್ತುಹುಣ್ಣು ಶುರು. ನಮ್ಮ ಹೆಣ್ಣುಮಕ್ಕಳಲ್ಲಿ ಎಷ್ಟೋ ಮಂದಿ ನರ್ಸಿಂಗ್ ಓದುತ್ತಿದ್ದಾರೆ. ಓದಿಸಿದ ಮೇಲೆ ಮದುವೆಯಾದ ಕೂಡಲೇ ಕೆಲಸ ಬಿಡಿಸುವ ಮನೆಗಳಿಗೆ ಈ ಮಾತು ಸ್ವಲ್ಪ ನಾಟಲಿ.

ದೀನಿನ ಪ್ರಶ್ನೆಗಳನ್ನೂ ಬಿಟ್ಟು ಹೋಗಲಾಗದು, ಏಕೆಂದರೆ ನಮ್ಮಲ್ಲಿಗೆ ಬರುವ ಮೊದಲ ಪ್ರಶ್ನೆಯೇ ಅದು. 'ಉಸ್ತಾದ್, ಪೈಪ್ ಇರುವಾಗ ನಮಾಝ್ ಆಗುತ್ತದಾ?' ಆಗುತ್ತದೆ. ಮೂತ್ರ ನಿಲ್ಲದವರ ಮಸ್‌ಅಲ ಫಿಕ್ಹ್ ಗ್ರಂಥಗಳಲ್ಲಿ ಹಿಂದಿನಿಂದಲೂ ಇದೆ. ನಮ್ಮ ಶಾಫಿಈ ಮದ್‌ಹಬ್‌ನಂತೆ ನಮಾಝಿನ ಹೊತ್ತಾದ ಮೇಲೆ ಶುದ್ಧಿ ಮಾಡಿಕೊಂಡು ವುಝೂ ಮಾಡಿ ತಡಮಾಡದೆ ನಮಾಝ್ ಮಾಡಬೇಕು, ಪ್ರತಿ ಫರ್ಝ್‌ಗೂ ಹೊಸ ವುಝೂ. ಮಂಡ್ಯ ಕಡೆಯ ಹನಫಿಗಳಿಗೆ ಒಂದು ಹೊತ್ತಿಗೆ ಒಂದು ವುಝೂ. ತಾನು ನಜಸ್ ಆಗಿಬಿಟ್ಟೆ ಎಂದು ವರ್ಷಗಟ್ಟಲೆ ನಮಾಝ್ ಬಿಟ್ಟು ಗೋಡೆ ಕಡೆ ಮುಖ ಮಾಡಿ ಮಲಗಿದವರನ್ನು ನಾವು ಕಂಡಿದ್ದೇವೆ. ಅವರ ಹತ್ತಿರ ಹೋಗಿ ಹೇಳದೆ ಇದ್ದದ್ದು ನಮ್ಮಂಥವರ ತಪ್ಪು.

ಉಪವಾಸದ ವಿಷಯ ಇನ್ನೂ ಸೂಕ್ಷ್ಮ. ಹೊತ್ತುಹೊತ್ತಿಗೆ ಪೈಪ್ ಹಾಕಿಕೊಳ್ಳುವ ಒಬ್ಬರು ರಮಝಾನಿನಲ್ಲಿ ಹಗಲಿಡೀ ಹಾಕದೆ ತಡೆದುಕೊಂಡರು. ಮೂತ್ರದ್ವಾರದಲ್ಲಿ ಏನಾದರೂ ಹೋದರೆ ಉಪವಾಸ ಮುರಿಯುತ್ತದೆ ಎಂದು ಯಾರೋ ಹೇಳಿದ್ದರಂತೆ. ನಮ್ಮ ಮದ್‌ಹಬ್‌ನ ಹಳೆಯ ಗ್ರಂಥಗಳಲ್ಲಿ ಆ ಅಭಿಪ್ರಾಯ ಇದೆ, ಸುಳ್ಳಲ್ಲ. 1997ರಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ ಕ್ಯಾತಿಟರ್ ಅನ್ನು ಉಪವಾಸ ಮುರಿಯದವುಗಳ ಪಟ್ಟಿಯಲ್ಲಿ ಸೇರಿಸಿತು. ಯಾರು ಯಾವ ಅಭಿಪ್ರಾಯ ಹಿಡಿಯಬೇಕೆಂದು ಅವರವರ ಖತೀಬರು ಹೇಳಲಿ. ಆದರೆ ಎರಡು ಮಾತಿಗೆ ಭಿನ್ನಾಭಿಪ್ರಾಯ ಇಲ್ಲ. ರೋಗಿಗೆ ರಿಯಾಯಿತಿ ಇದೆ, ವಾಸಿಯಾಗದ ಕಾಯಿಲೆಯವನಿಗೆ ಫಿದ್ಯಾ ಇದೆ. ಮೂತ್ರ ತಡೆದು ಕಿಡ್ನಿ ಕೆಡಿಸಿಕೊಳ್ಳಲು ಯಾವ ಮದ್‌ಹಬ್ಬೂ ಹೇಳಿಲ್ಲ. ಸದಾ ಪೈಪ್ ಇರುವವರು ಬೇಸಿಗೆಯ ರಮಝಾನಿನಲ್ಲಿ ಹದಿಮೂರು-ಹದಿನಾಲ್ಕು ಗಂಟೆ ನೀರಿಲ್ಲದೆ ಇರಬಹುದೇ ಎಂದು ಶಅಬಾನ್‌ನಲ್ಲೇ ವೈದ್ಯರನ್ನು ಕೇಳಬೇಕು.

ಇನ್ನು ಸರಕಾರದ ಕಡೆ ನೋಡೋಣ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆ ಚಿಕಿತ್ಸೆ ಸಿಗುತ್ತದೆ. ರಾಡು-ಸ್ಕ್ರೂಗೆ ಲಕ್ಷ ಸಿಗುತ್ತದೆ, ಮನೆಗೆ ಬಂದ ಮೇಲೆ ತಿಂಗಳಿಗೊಂದು ಪೈಪ್, ಎರಡು ಚೀಲ, ಒಂದು ಗ್ಲೌಸ್ ಡಬ್ಬಕ್ಕೆ ಸಿಗುವುದಿಲ್ಲ. ಸೋಂಕಾಗಿ ಮತ್ತೆ ಅಡ್ಮಿಟ್ ಆದರೆ ಕಾರ್ಡು ಮತ್ತೆ ನಡೆಯುತ್ತದೆ. ಇದು ಖಜಾನೆಗೂ ನಷ್ಟದ ಲೆಕ್ಕ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 25ನೇ ಸೆಕ್ಷನ್, ನಿಗದಿಪಡಿಸಿದ ಆದಾಯದೊಳಗಿನವರಿಗೆ ಮನೆಯ ಆಸುಪಾಸಿನಲ್ಲೇ, ಅದರಲ್ಲೂ ಹಳ್ಳಿಗಳಲ್ಲಿ, ಉಚಿತ ಆರೋಗ್ಯ ಸೇವೆ ಕೊಡಬೇಕೆನ್ನುತ್ತದೆ. ಆಸುಪಾಸು ಎಂದರೆ ಎಷ್ಟು ದೂರ?

ಕೈಯಲ್ಲಿರುವ ವ್ಯವಸ್ಥೆ ಕಡಿಮೆಯೇನಿಲ್ಲ. ಗ್ರಾಮ ಪಂಚಾಯತ್ ಮಟ್ಟದಲ್ಲಿ ವಿ.ಆರ್.ಡಬ್ಲ್ಯು. ಎಂದು ಕರೆಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರೂ ವಿಕಲಚೇತನರೇ ಆದ್ದರಿಂದ ಕಷ್ಟ ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪಂಚಾಯತ್ ಅನುದಾನದಲ್ಲಿ ವಿಕಲಚೇತನರಿಗೆಂದು ಶೇ. 5 ಮೀಸಲಿಡಬೇಕೆಂಬ ನಿಯಮ ಇದೆ. ಮದ್ದೂರು, ಮಳವಳ್ಳಿಗಳಲ್ಲಿ ತಾಲೂಕು ಆಸ್ಪತ್ರೆ ಇದೆ, ಮಂಡ್ಯದಲ್ಲಿ ಮೆಡಿಕಲ್ ಕಾಲೇಜೇ ಇದೆ. ಇವು ಒಂದಕ್ಕೊಂದು ಸೇರುವುದಿಲ್ಲ, ಅಷ್ಟೇ. ಶೇ. 5ರ ಹಣದಲ್ಲಿ ಪೈಪು-ಚೀಲ ಕೊಳ್ಳಬಹುದು, ತಾಲೂಕು ಆಸ್ಪತ್ರೆಯ ಒಬ್ಬ ನರ್ಸ್ ವಾರಕ್ಕೆ ಒಂದು ದಿನ ಹಳ್ಳಿಗೆ ಹೊರಡಬಹುದು, ಯಾವ ಮನೆಗೆ ಹೋಗಬೇಕೆಂದು ಪುನರ್ವಸತಿ ಕಾರ್ಯಕರ್ತರು ತೋರಿಸಬಹುದು.

ಆಗದ ಕೆಲಸ ಎನ್ನುವವರು ಕಾಸರಗೋಡು ದಾಟಿ ನೋಡಬೇಕು. 1993ರಲ್ಲಿ ಕಲ್ಲಿಕೋಟೆ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಡಾ. ಸುರೇಶ್ ಕುಮಾರ್ ಅವರ ಗುಂಪು ಶುರುಮಾಡಿದ ಪಾಲಿಯೇಟಿವ್ ಕೆಲಸ ಮಲಪ್ಪುರಂ ಜಿಲ್ಲೆಗೆ ಹಬ್ಬಿ ಊರವರ ಕೆಲಸವಾಯಿತು. ಆಟೊ ಓಡಿಸುವವರು, ಅಂಗಡಿಯವರು, ಕಾಲೇಜು ಮಕ್ಕಳು ತರಬೇತಿ ಪಡೆದು ನರ್ಸ್ ಜೊತೆ ಜೀಪಿನಲ್ಲಿ ಮನೆಮನೆಗೆ ಹೋಗತೊಡಗಿದರು. ಕ್ಯಾನ್ಸರ್ ರೋಗಿಗಳ ಜೊತೆ ಬೆನ್ನುಹುರಿ ಪೆಟ್ಟಾಗಿ ಮಲಗಿದವರೂ ಅವರ ಪಟ್ಟಿಗೆ ಬಂದರು. ಪೈಪ್ ಬದಲಾಯಿಸುವುದು, ಹುಣ್ಣು ತೊಳೆಯುವುದು ಅವರ ದಿನದ ಕೆಲಸ. 2008ರಲ್ಲಿ ಕೇರಳ ಸರಕಾರ ಅದನ್ನೇ ನೀತಿಯಾಗಿ ತಂದಿತು, ಪಂಚಾಯತ್‌ಗಳ ಕೈಗೆ ಕೊಟ್ಟಿತು. ಸರಕಾರ ಬಂದದ್ದು ಆಮೇಲೆ. ಮೊದಲು ಬಂದದ್ದು ಊರವರ ಚಿಲ್ಲರೆ ಕಾಸು.

ನಮ್ಮ ಜಮಾಅತ್‌ಗಳಿಗೆ ಆಂಬುಲೆನ್ಸ್ ಕೊಳ್ಳುವುದು ಗೊತ್ತು. ಲೋಕಾರ್ಪಣೆಗೆ ಶಾಸಕರು ಬರುತ್ತಾರೆ, ಫೋಟೋ ಬರುತ್ತದೆ. ಅದೇ ಆಂಬುಲೆನ್ಸ್ ಓಡದೆ ನಿಂತಿರುವ ದಿನ ಒಬ್ಬ ನರ್ಸನ್ನು ಕೂರಿಸಿಕೊಂಡು ನಾಲ್ಕು ಮನೆಗೆ ಹೋಗಿ ಬಂದರೆ ಡೀಸೆಲ್ ಖರ್ಚು ಎಷ್ಟಾದೀತು? ಜಾತಿ-ಧರ್ಮ ನೋಡದೆ ಹೋಗಬೇಕು, ಮಲಪ್ಪುರಂನವರು ಹಾಗೆಯೇ ಹೋಗುತ್ತಾರೆ. ಮೊಹಲ್ಲಾದಲ್ಲಿ ಪೈಪ್ ಇರುವವರು ಎಷ್ಟು ಮಂದಿ ಎಂದು ಮಸೀದಿ ಕಮಿಟಿಗೆ ಗೊತ್ತಿದೆಯೇ? ಸರಕಾರಕ್ಕೂ ಗೊತ್ತಿಲ್ಲ. ವಿಕಲಚೇತನರ ಗುರುತಿನ ಚೀಟಿಯಲ್ಲಿ ಶೇಕಡಾ ಎಷ್ಟು ಎಂದು ಬರೆದಿರುತ್ತದೆ. ಪೈಪ್ ಇದೆಯೇ, ಕೊನೆಯ ಸಲ ಬದಲಾಯಿಸಿದ್ದು ಯಾವಾಗ ಎಂದು ಬರೆದಿರುವುದಿಲ್ಲ.

ಮಳವಳ್ಳಿ ಕಡೆಯ ಆ ಮನೆಗೆ ಈಚೆಗೆ ಮತ್ತೆ ಹೋಗಿದ್ದೆವು. ಮಂಚದ ಪಕ್ಕ ಒಂದು ಬಕೆಟ್ ಇಟ್ಟಿದ್ದರು. ಚೀಲದ ಕೆಳಗಿನ ತಿರುಪನ್ನು ಅವರೇ ಕೈಚಾಚಿ ಬಿಡುವಂತೆ ಮಂಚದ ಎತ್ತರ ಇಟ್ಟಿಗೆ ಕೊಟ್ಟು ಸರಿಮಾಡಿದ್ದಾರೆ. ಹಾಗಾಗಿ ಈಗ ನೀರು ಕುಡಿಯುತ್ತಾರೆ. ಗೋಡೆಯ ಕ್ಯಾಲೆಂಡರಿನಲ್ಲಿ ಪೈಪ್ ಬದಲಾಯಿಸಬೇಕಾದ ತಾರೀಕಿಗೆ ಮಗಳು ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದಾಳೆ. ನಾವು ಹೋದ ದಿನಕ್ಕೆ ಆ ತಾರೀಕು ಕಳೆದು ಹನ್ನೊಂದು ದಿನ ಆಗಿತ್ತು.